ಮಾತು, ವಾದ್ಯ, ಯಂತ್ರ: ಮೂರೂ ಕೂಡಿದ ಸಂಗೀತವನ್ನು ಕೇಳುವುದು ಹೇಗೆ?

ಒಂದು ಸಣ್ಣ ಕೆಲಸ ಮಾಡಿ. ‘ಅಯ್ಯೋ, ಕೀಲಿ ಒಳಗೇ ಬಿಟ್ಟೆ’ ಅಂತ ಗಟ್ಟಿಯಾಗಿ ಹೇಳಿ. ಈಗ ತುಟಿ ಮುಚ್ಚಿಕೊಂಡು ಅದೇ ಮಾತನ್ನು ಬರೀ ‘ಹ್ಮ್ ಹ್ಮ್’ ಎಂದು ಗುನುಗಿ. ಪದಗಳು ಹೋದವು. ಆದರೂ ಏನೋ ಉಳಿಯಿತು, ಅಲ್ವಾ? ‘ಅಯ್ಯೋ’ ಎನ್ನುವಲ್ಲಿ ದನಿ ಮೇಲಕ್ಕೆ ಹೋಗಿ ಜಾರಿತು. ‘ಒಳಗೇ’ ಎನ್ನುವಲ್ಲಿ ಸ್ವಲ್ಪ ಎಳೆಯಿತು. ‘ಬಿಟ್ಟೆ’ಯಲ್ಲಿ ಒಂದು ಗಳಿಗೆ ತಡೆದು ಕೆಳಗೆ ಬಿತ್ತು. ಪಕ್ಕದ ಕೋಣೆಯಲ್ಲಿ ಇರುವವರಿಗೆ ಒಂದು ಪದವೂ ಕೇಳಿಸದಿರಬಹುದು, ಆದರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗಿಬಿಡುತ್ತದೆ.

ಮಾತು, ವಾದ್ಯ, ಎಲೆಕ್ಟ್ರಾನಿಕ್ಸ್ ಕೂಡಿಸುವ ಪ್ರಯೋಗಶೀಲ ಸಂಗೀತ ನಿಂತಿರುವುದು ಹೀಗೆ ಉಳಿದ ಭಾಗದ ಮೇಲೆ. ವೇದಿಕೆಯಲ್ಲಿ ಒಬ್ಬರು ಮೈಕಿನ ಮುಂದೆ ಮಾತಾಡುತ್ತಿರುತ್ತಾರೆ, ಹಾಡುವುದಿಲ್ಲ. ಪಕ್ಕದಲ್ಲಿ ಒಂದು ಚೆಲ್ಲೋ (ದೊಡ್ಡ ವಯಲಿನ್‌ನಂಥ, ತಗ್ಗಿದ ದನಿಯ ತಂತಿವಾದ್ಯ), ಪಿಯಾನೋ ಅಥವಾ ಡ್ರಮ್ಸ್. ಇನ್ನೊಬ್ಬರು ಲ್ಯಾಪ್‌ಟಾಪ್ ಮುಂದೆ ಕೂತು ಆ ದನಿಯನ್ನು ಅಲ್ಲೇ ಹಿಡಿದು, ಚೂರು ಮಾಡಿ, ಹಿಗ್ಗಿಸಿ ವಾಪಸ್ ಬಿಡುತ್ತಿರುತ್ತಾರೆ. ಮೊದಲ ಸಲ ಕೇಳಿದವರಿಗೆ ಇದು ಕವಿತೆ ಓದುವಾಗ ಹಿಂದೆ ಹಾಕುವ ಸಂಗೀತದ ಹಾಗೆ ಅನಿಸಬಹುದು. ವ್ಯತ್ಯಾಸ ಇರುವುದು ಇಲ್ಲಿ. ಹಿನ್ನೆಲೆ ಸಂಗೀತ ತೆಗೆದರೂ ಕವಿತೆಯ ಓದು ಹಾಗೇ ಉಳಿಯುತ್ತದೆ. ಈ ಸಂಗೀತದಲ್ಲಿ ಹಾಗೆ ಬಿಡಿಸಲು ಆಗುವುದಿಲ್ಲ. ಚೆಲ್ಲೋ ನುಡಿಸುವ ಸ್ವರ ಹುಟ್ಟಿದ್ದೇ ಆ ಮಾತಿನಿಂದ.

ನಾವು ಮಾತು ಕೇಳುವಾಗ ಮನಸ್ಸು ಅರ್ಥ ಎತ್ತಿಕೊಂಡು ಸದ್ದನ್ನು ಬಿಟ್ಟುಬಿಡುತ್ತದೆ. ನಿನ್ನೆ ಗೆಳೆಯ ಏನು ಹೇಳಿದ ಅಂತ ಕೇಳಿದರೆ ಹೇಳಬಲ್ಲೆವು, ಅವನ ದನಿ ಎಲ್ಲಿ ಏರಿತು ಅಂತ ಕೇಳಿದರೆ ಇಲ್ಲ. ಬಿಟ್ಟುಹೋದ ಆ ಸದ್ದನ್ನು ಮರಳಿ ಕೇಳಿಸುವುದೇ ಈ ಸಂಗೀತದ ಮುಖ್ಯ ಕೆಲಸ ಅಂತ ನನಗನಿಸುತ್ತದೆ.

ಅದು ಎಷ್ಟು ಸುಲಭವಾಗಿ ನಡೆಯುತ್ತದೆ ಅನ್ನುವುದಕ್ಕೆ 1995ರಲ್ಲಿ ಒಂದು ಪುರಾವೆ ಸಿಕ್ಕಿತು. ಡಯಾನಾ ಡಾಯ್ಚ್ ಎಂಬ ಮನೋವಿಜ್ಞಾನಿ ಒಂದು ಸಿ.ಡಿ.ಗಾಗಿ ತಮ್ಮದೇ ಮಾತಿನ ರೆಕಾರ್ಡಿಂಗ್ ತಿದ್ದುತ್ತಿದ್ದರು. ಅದರೊಳಗಿನ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಓಡುವಂತೆ ಇಟ್ಟು ಬೇರೆ ಕೆಲಸಕ್ಕೆ ತೊಡಗಿದರು. ಸ್ವಲ್ಪ ಹೊತ್ತಿಗೆ ಯಾರೋ ಹಾಡುತ್ತಿದ್ದಾರೆ ಅನಿಸಿತು. ನೋಡಿದರೆ ಅದೇ ತುಣುಕು. ಒಂದು ಸ್ವರವೂ ಬದಲಾಗಿರಲಿಲ್ಲ. ಹತ್ತಾರು ಸಲ ಕೇಳಿದ ಮೇಲೆ ಮನಸ್ಸಿಗೆ ಅರ್ಥದ ಕೆಲಸ ಮುಗಿದಿತ್ತು, ಆಗ ರಾಗ ಕೇಳಿಸಿತು. ಇನ್ನೂ ಸೋಜಿಗ ಏನೆಂದರೆ, ಆಮೇಲೆ ಪೂರ್ತಿ ಮಾತು ಹಾಕಿದರೂ ಆ ತುಣುಕು ಬಂದ ಕೂಡಲೇ ಮಾತಾಡುತ್ತಿದ್ದವರು ಹಾಡಲು ಶುರು ಮಾಡಿದಂತೆ ಕೇಳುತ್ತದೆ. ಒಮ್ಮೆ ತಿರುಗಿದ ಕಿವಿ ಸುಲಭಕ್ಕೆ ಹಿಂದೆ ಬರುವುದಿಲ್ಲ.

ಯಂತ್ರಗಳಿಗೂ ಮುಂಚೆ ಈ ದಾರಿ ಹಿಡಿದವರು ಇದ್ದರು. ಈಗಿನ ಚೆಕ್ ದೇಶಕ್ಕೆ ಸೇರಿದ ಮೊರಾವಿಯಾದ ಸಂಗೀತಕಾರ ಲಿಯೋಶ್ ಯಾನಾಚೆಕ್ 1890ರ ದಶಕದ ಕೊನೆಯಿಂದ ಜನ ಆಡುವ ಮಾತನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ರಸ್ತೆಯಲ್ಲಿ, ರೈಲು ನಿಲ್ದಾಣದಲ್ಲಿ, ಎಲ್ಲೆಂದರಲ್ಲಿ. ಯಾರು, ಯಾವ ಹೊತ್ತಿನಲ್ಲಿ, ಯಾವ ಮನಸ್ಥಿತಿಯಲ್ಲಿ ಅಂದರು ಅನ್ನುವುದನ್ನೂ ಗುರುತು ಹಾಕುತ್ತಿದ್ದರು. 1903ರಲ್ಲಿ ಮಗಳು ಓಲ್ಗಾ ಸಾವಿನ ಹಾಸಿಗೆಯಲ್ಲಿದ್ದಾಗ ಅವಳ ಕೊನೆಯ ಮಾತುಗಳನ್ನೂ ಹಾಗೆಯೇ ಬರೆದುಕೊಂಡರು. ಮೊದಲ ಸಲ ಇದನ್ನು ಓದಿದಾಗ ನನಗೆ ಕಸಿವಿಸಿಯಾಗಿತ್ತು. ಈಗ ಬೇರೆ ಥರ ಕಾಣುತ್ತದೆ. ಅವಳು ಏನಂದಳು ಅನ್ನುವುದನ್ನು ಅಕ್ಷರದಲ್ಲಿ ಬರೆಯಬಹುದು. ಹೇಗೆ ಅಂದಳು ಅನ್ನುವುದನ್ನು ಉಳಿಸಿಕೊಳ್ಳಲು ಆ ತಂದೆಗೆ ಗೊತ್ತಿದ್ದ ದಾರಿ ಸ್ವರಲಿಪಿ ಒಂದೇ. 1912ರಲ್ಲಿ ಆಸ್ಟ್ರಿಯಾದ ಸಂಗೀತಕಾರ ಆರ್ನಾಲ್ಡ್ ಶೋನ್‌ಬರ್ಗ್ ‘ಪಿಯರೋ ಲೂನೇರ್’ ಕೃತಿಯಲ್ಲಿ ಇನ್ನೊಂದು ದಾರಿ ತೋರಿಸಿದರು. ಅಲ್ಲಿ ಗಾಯಕಿ ಬರೆದ ಸ್ವರವನ್ನು ಮುಟ್ಟುತ್ತಾಳೆ, ಆದರೆ ಅಲ್ಲಿ ನಿಲ್ಲದೆ ಮಾತಿನ ಹಾಗೆ ಜಾರಿಬಿಡುತ್ತಾಳೆ.

ಹಾಗಾದರೆ ಮಾತಿನೊಳಗೆ ಏನೇನಿದೆ? ಇದನ್ನು ಬಿಡಿಸಿ ನೋಡಿದರೆ ಮುಂದಿನದೆಲ್ಲ ಸಲೀಸು.

ಮೊದಲನೆಯದು ಗಂಟಲಿನ ಸದ್ದು. ಗಂಟಲಿನ ಎರಡು ಪುಟ್ಟ ಮಡಿಕೆಗಳು ಕಂಪಿಸುತ್ತವೆ. ಮಾತಾಡುವಾಗ ಗಂಡಸರಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 85ರಿಂದ 180 ಸಲ, ಹೆಂಗಸರಲ್ಲಿ 165ರಿಂದ 255 ಸಲ. ಈ ಎಣಿಕೆ ಏರಿದರೆ ದನಿ ಏರುತ್ತದೆ. ‘ಬಂದ್ರು’ ಅಂದಾಗ ಕೊನೆಗೆ ಇಳಿಯುವ, ‘ಬಂದ್ರಾ?’ ಅಂದಾಗ ಏರುವ ದನಿ ಇದೇ. ಹಾಡಿನಲ್ಲಿ ಸ್ವರ ಒಂದು ಕಡೆ ನಿಲ್ಲುತ್ತದೆ, ಮಾತಿನಲ್ಲಿ ಸದಾ ಜಾರುತ್ತಲೇ ಇರುತ್ತದೆ.

ಎರಡನೆಯದು ಬಾಯಿಯ ಆಕಾರ. ಇದಕ್ಕೊಂದು ಚಂದದ ಪರೀಕ್ಷೆ ಇದೆ. ‘ಊ, ಆ, ಈ’ ಎಂದು ಬರೀ ಪಿಸುದನಿಯಲ್ಲಿ ಹೇಳಿ. ಪಿಸುಗುಟ್ಟುವಾಗ ಗಂಟಲು ಕಂಪಿಸುವುದಿಲ್ಲ, ಅಂದರೆ ಸ್ವರವೇ ಇಲ್ಲ. ಆದರೂ ಮೂರು ಅಕ್ಷರಗಳೂ ಬೇರೆ ಬೇರೆಯಾಗಿ ಕೇಳುತ್ತವೆ. ಅಷ್ಟೇ ಅಲ್ಲ, ಊ ಇಂದ ಈ ತನಕ ಏನೋ ಮೇಲೇರಿದಂತೆಯೂ ಕೇಳುತ್ತದೆ. ಬಾಯಿ ಒಂದು ಕೊಳವೆ ಇದ್ದ ಹಾಗೆ. ನಾಲಿಗೆ, ತುಟಿ ಅಲುಗಿದರೆ ಆ ಕೊಳವೆ ಕೆಲವು ಕಂಪನಗಳನ್ನು ಜೋರು ಮಾಡುತ್ತದೆ, ಕೆಲವನ್ನು ಅಡಗಿಸುತ್ತದೆ. ಹೀಗೆ ಜೋರಾಗುವ ಜಾಗಗಳಿಗೆ ಫಾರ್ಮಂಟ್ ಎನ್ನುತ್ತಾರೆ. ವಯಸ್ಕ ಗಂಡಸಿನ ದನಿಯಲ್ಲಿ ಎರಡನೇ ಫಾರ್ಮಂಟ್ ‘ಊ’ಗೆ ಸುಮಾರು 870 ಹರ್ಟ್ಜ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ), ‘ಈ’ಗೆ ಸುಮಾರು 2300 ಹರ್ಟ್ಜ್. ನಿಮಗೆ ಕೇಳಿಸಿದ ಏರಿಕೆ ಅದೇ.

ಮೂರನೆಯದು ವ್ಯಂಜನಗಳು. ಇವು ತಾಳವಾದ್ಯದ ಪೆಟ್ಟುಗಳು. ‘ಸ’ ಬರೀ ಸುಯ್ಯೆನ್ನುವ ಸದ್ದು. ‘ಕ’, ‘ಪ’ ಸಣ್ಣ ಸಿಡಿತಗಳು. ಕನ್ನಡದ ಒತ್ತಕ್ಷರಗಳಲ್ಲಿ ಇನ್ನೂ ಒಂದು ಸೊಗಸಿದೆ. ‘ಕಪ್ಪು’ ಅನ್ನುವಾಗ ಎರಡು ತುಟಿ ಮುಚ್ಚಿ ಒಂದು ಪುಟ್ಟ ಮೌನ ಬರುತ್ತದೆ. ಆ ಮೌನ ಇಲ್ಲದಿದ್ದರೆ ‘ಕಪ್ಪು’ ಇಲ್ಲ. ಲಘು, ಗುರು ಎಂದು ಛಂದಸ್ಸಿನಲ್ಲಿ ಎಣಿಸುವುದು ಇದನ್ನೇ. ‘ಕ’ ಲಘು, ಆದರೆ ಮುಂದೆ ಒತ್ತು ಬಂದದ್ದರಿಂದ ಇಲ್ಲಿ ಅದು ಗುರು. ಸಂಗೀತಕಾರನ ಕಿವಿಗೆ ಇದು ತಾಳದ ಲೆಕ್ಕವೂ ಹೌದು.

ಈಗ ವಾದ್ಯದ ಕೆಲಸಕ್ಕೆ ಬರೋಣ. ಮಾತಿನ ಸ್ವರವನ್ನು ವಾದ್ಯದಲ್ಲಿ ಹಿಡಿಯುವುದು ಎಷ್ಟು ಕಷ್ಟ ಅಂತ ನಾನು ಒಮ್ಮೆ ಕೂತು ನೋಡಿದೆ. ಫೋನಿನಲ್ಲಿ ನನ್ನದೇ ದನಿ ರೆಕಾರ್ಡ್ ಮಾಡಿದೆ: ‘ಸರಿ, ನಾಳೆ ನೋಡೋಣ.’ ಎರಡು ಸೆಕೆಂಡೂ ಇಲ್ಲ. ಕೀಬೋರ್ಡಿನಲ್ಲಿ ಅದನ್ನು ನುಡಿಸಲು ಒಂದು ಸಂಜೆ ಹಿಡಿಯಿತು. ‘ಸರಿ’ ಬೇಗ ಸಿಕ್ಕಿತು. ‘ನಾಳೆ’ಯ ‘ನಾ’ ಎರಡು ಮನೆಗಳ ನಡುವೆ ಎಲ್ಲೋ ಇತ್ತು, ಒಂದು ಒತ್ತಿದರೆ ಜಾಸ್ತಿ, ಪಕ್ಕದ್ದು ಒತ್ತಿದರೆ ಕಮ್ಮಿ. ‘ನೋಡೋಣ’ದಲ್ಲಿ ‘ಡೋ’ ಕೆಳಗಿನಿಂದ ಹತ್ತಿ ‘ಣ’ದಲ್ಲಿ ಕರಗಿಹೋಗುತ್ತಿತ್ತು, ಕೀಬೋರ್ಡಿಗೆ ಕರಗಲು ಬರುವುದಿಲ್ಲ. ಕೊನೆಗೆ ಹತ್ತಿರದ ಸ್ವರಗಳನ್ನೇ ಆರಿಸಿ ಮಾತಿನ ಜೊತೆ ನುಡಿಸಿದೆ. ಅಚ್ಚರಿ ಅಂದರೆ ಆಮೇಲೆ ನನ್ನ ಮಾತೇ ಆ ಸ್ವರಗಳಲ್ಲಿದೆ ಅಂತ ಕೇಳತೊಡಗಿತು. ವಾದ್ಯ ಕಿವಿಗೆ ದಾರಿ ತೋರಿಸುತ್ತದೆ. ಜಾರುವ ದನಿಗೆ ಅದು ಮೆಟ್ಟಿಲು ಕಟ್ಟಿಕೊಡುತ್ತದೆ.

ಅಮೆರಿಕದ ಸಂಗೀತಕಾರ ಸ್ಟೀವ್ ರೈಶ್ 1988ರಲ್ಲಿ ಬರೆದ ‘ಡಿಫರೆಂಟ್ ಟ್ರೇನ್ಸ್’ ಈ ಮೆಟ್ಟಿಲಿನ ಮೇಲೇ ನಿಂತಿದೆ. ರೈಶ್ ಹುಡುಗನಾಗಿದ್ದಾಗ ಅಪ್ಪ ಅಮ್ಮ ಬೇರೆಯಾಗಿದ್ದರು. ಒಬ್ಬರು ನ್ಯೂಯಾರ್ಕಿನಲ್ಲಿ, ಇನ್ನೊಬ್ಬರು ಲಾಸ್ ಏಂಜಲೀಸ್‌ನಲ್ಲಿ. 1939ರಿಂದ 1942ರ ತನಕ ತನ್ನನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಜೊತೆ ಆತ ಆ ಊರುಗಳ ನಡುವೆ ರೈಲಿನಲ್ಲಿ ಓಡಾಡುತ್ತಿದ್ದ. ದೊಡ್ಡವನಾದ ಮೇಲೆ ಒಂದು ಯೋಚನೆ ಬಂತು: ಯಹೂದಿಯಾದ ತಾನು ಅದೇ ವರ್ಷಗಳಲ್ಲಿ ಯುರೋಪಿನಲ್ಲಿ ಇದ್ದಿದ್ದರೆ ಹತ್ತುತ್ತಿದ್ದ ರೈಲೇ ಬೇರೆ, ನಾಜಿಗಳು ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದ ರೈಲು. ತನ್ನನ್ನು ನೋಡಿಕೊಂಡಿದ್ದ ಆಕೆಯ, ರೈಲಿನಲ್ಲಿ ದುಡಿದು ನಿವೃತ್ತರಾದ ಒಬ್ಬರ, ನಾಜಿಗಳ ಕೈಯಿಂದ ಬದುಕಿ ಉಳಿದ ಮೂವರ ದನಿಗಳನ್ನು ಸೇರಿಸಿದರು. ಒಂದೊಂದು ತುಣುಕಿನ ಸ್ವರವನ್ನು ಬರೆದುಕೊಂಡರು. ಹೆಂಗಸರ ದನಿಯನ್ನು ಹೆಚ್ಚಾಗಿ ವಯಲಿನ್‌ಗಿಂತ ತುಸು ದೊಡ್ಡದಾದ ವಯೋಲಾ ಹಿಡಿಯುತ್ತದೆ, ಗಂಡಸರದನ್ನು ಚೆಲ್ಲೋ. ಉಳಿದ ತಂತಿವಾದ್ಯಗಳು ರೈಲಿನ ಓಟವನ್ನು ನುಡಿಸುತ್ತವೆ.

ಗಮನಿಸಬೇಕಾದ ಒಂದು ಸಂಗತಿ ಇದೆ. ಹೊಸ ದನಿ ಬಂದಾಗ ಸಂಗೀತದ ವೇಗವೇ ಬದಲಾಗುತ್ತದೆ. ಸಾಮಾನ್ಯವಾಗಿ ತಾಳ ಮೊದಲು, ಪದ ಅದಕ್ಕೆ ಹೊಂದಿಕೊಳ್ಳಬೇಕು. ಇಲ್ಲಿ ಒಬ್ಬ ಮುದುಕ ನಿಧಾನವಾಗಿ ಮಾತಾಡಿದರೆ ಇಡೀ ತಂಡ ಅವನಿಗಾಗಿ ನಿಧಾನವಾಗುತ್ತದೆ. ಮೊದಲು ವಾದ್ಯ ಆ ರಾಗವನ್ನು ನುಡಿಸುತ್ತದೆ, ಏನೋ ಒಂದು ಸ್ವರಪುಂಜ ಅಂದುಕೊಳ್ಳುತ್ತೇವೆ. ಆಮೇಲೆ ಆ ಮನುಷ್ಯನ ದನಿ ಬಂದಾಗ, ಓ, ಇದು ಇವರ ಮಾತಾಗಿತ್ತೇ ಅಂತ ಹೊಳೆಯುತ್ತದೆ. ಪ್ರತಿ ಸಲ ಕೇಳಿದಾಗಲೂ ಆ ಕ್ಷಣದಲ್ಲಿ ನನಗೆ ಮೈ ಜುಮ್ಮೆನ್ನುತ್ತದೆ.

ವಾದ್ಯವೊಂದೇ, ಮನುಷ್ಯನ ದನಿ ಇಲ್ಲದೆ, ಮಾತಾಡಬಲ್ಲದೇ? ಆಸ್ಟ್ರಿಯಾದ ಸಂಗೀತಕಾರ ಪೀಟರ್ ಆಬ್ಲಿಂಗರ್ 2009ರಲ್ಲಿ ಇದನ್ನೂ ಮಾಡಿ ತೋರಿಸಿದರು. ಒಂದು ಮಗು ಓದಿದ ಪಠ್ಯವನ್ನು ಕಂಪ್ಯೂಟರ್ ಚೂರು ಚೂರಾಗಿ ಅಳೆಯುತ್ತದೆ, ಪ್ರತಿ ಚೂರಿನಲ್ಲಿ ಯಾವ ಕಂಪನ ಎಷ್ಟು ಜೋರು ಎಂದು ಲೆಕ್ಕ ಹಾಕುತ್ತದೆ. ಪಿಯಾನೋದ 88 ಮನೆಗಳ ಮೇಲೆ ಕೂರಿಸಿದ ಯಂತ್ರದ ಬೆರಳುಗಳು ಅದನ್ನು ಒತ್ತುತ್ತವೆ. ಸುಮ್ನೆ ಕೇಳಿದರೆ ಅದು ಸ್ವರಗಳ ಗಲಾಟೆ. ಪಠ್ಯವನ್ನು ಕಣ್ಣಿಂದ ಓದುತ್ತಾ ಕೇಳಿದರೆ ಪಿಯಾನೋ ಪದಗಳನ್ನು ಉಚ್ಚರಿಸುತ್ತಿದೆ! ಡಾಯ್ಚ್ ಅವರ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಆ ತುಣುಕು, ಅರ್ಥದಿಂದ ಸದ್ದಿಗೆ ಕರೆದೊಯ್ದರೆ ಇದು ಸದ್ದಿನಿಂದ ಅರ್ಥಕ್ಕೆ ಕರೆತರುತ್ತದೆ.

ಇನ್ನು ಎಲೆಕ್ಟ್ರಾನಿಕ್ಸ್. ಇದರ ಬೇರು ಟೆಲಿಫೋನಿನಲ್ಲಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ಎಂಬ ಎಂಜಿನಿಯರ್ ಒಂದೇ ತಂತಿಯಲ್ಲಿ ಜಾಸ್ತಿ ಮಾತು ಕಳಿಸುವ ದಾರಿ ಹುಡುಕುತ್ತಿದ್ದರು. ಗಂಟಲಿನ ಸದ್ದು ಬೇರೆ, ಬಾಯಿಯ ಆಕಾರ ಬೇರೆ ಎಂದು ಬಿಡಿಸಿ, ಅಳತೆಗಳನ್ನಷ್ಟೇ ಕಳಿಸಿ, ಆ ಕಡೆ ಮತ್ತೆ ಕೂಡಿಸಿದರೆ ಸಾಕು ಎಂದು ಕಂಡುಕೊಂಡರು. ಅದೇ ವೋಕೋಡರ್, 1939ರಲ್ಲಿ ಪೇಟೆಂಟ್ ಸಿಕ್ಕಿತು. ಸಂಗೀತಕಾರರು ಇದರಲ್ಲಿ ಬೇರೆಯದೇ ಕಂಡರು. ಬಾಯಿಯ ಆಕಾರವನ್ನು ಇಟ್ಟುಕೊಂಡು ಗಂಟಲಿನ ಜಾಗದಲ್ಲಿ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್ ಇಟ್ಟರೆ? ಚೆಲ್ಲೋ ಇಟ್ಟರೆ? ಆಗ ಆ ವಾದ್ಯವೇ ಪದ ಉಚ್ಚರಿಸುತ್ತದೆ. ಅಮೆರಿಕದ ಕಲಾವಿದೆ ಲೌರಿ ಆ್ಯಂಡರ್ಸನ್ ಅವರ ‘ಓ ಸೂಪರ್‌ಮ್ಯಾನ್’ ಹೀಗೆ ವೋಕೋಡರ್ ದನಿ ಮತ್ತು ‘ಹ’ ಎಂಬ ಒಂದೇ ಅಕ್ಷರದ ಲೂಪ್ ಮೇಲೆ ಕಟ್ಟಿದ ಕೃತಿ. 1981ರಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು.

ಜರ್ಮನಿಯ ಕೊಲೋನ್ ರೇಡಿಯೋದ ಸ್ಟುಡಿಯೋದಲ್ಲಿ ಸಂಗೀತಕಾರ ಕಾರ್ಲ್‌ಹೈಂಜ್ ಸ್ಟಾಕ್‌ಹೌಸೆನ್ 1955-56ರಲ್ಲಿ ಒಬ್ಬ 12 ವರ್ಷದ ಹುಡುಗನ ದನಿ ಇಟ್ಟುಕೊಂಡು ‘ಗೆಸಾಂಗ್ ಡೆರ್ ಯೂಂಗ್ಲಿಂಗೆ’ ಮಾಡಿದರು. ಅವರ ಲೆಕ್ಕ ತುಂಬ ಸ್ಪಷ್ಟ. ‘ಆ’, ‘ಈ’ಯಂಥ ಸ್ವರಾಕ್ಷರಗಳು ಯಂತ್ರದ ಶುದ್ಧ ನಾದಕ್ಕೆ ಹತ್ತಿರ. ‘ಸ’, ‘ಶ’ದಂಥ ವ್ಯಂಜನಗಳು ಯಂತ್ರದ ಸುಯ್ಯೆನ್ನುವ ಸದ್ದಿಗೆ ಹತ್ತಿರ. ಹಾಗಾಗಿ ಹುಡುಗನ ದನಿಯಿಂದ ಯಂತ್ರದ ಸದ್ದಿಗೆ ಎಲ್ಲೂ ಜಿಗಿಯದೆ ನಡೆದುಹೋಗಬಹುದು. ಕೇಳುಗನಿಗೆ ಪದ ಎಷ್ಟು ಅರ್ಥವಾಗಬೇಕು ಅನ್ನುವುದನ್ನೂ ಹಂತ ಹಂತವಾಗಿ ಜೋಡಿಸಿದರು. ಒಮ್ಮೆ ಪೂರ್ತಿ ತಿಳಿಯುತ್ತದೆ, ಒಮ್ಮೆ ಅರೆಬರೆ, ಒಮ್ಮೆ ಏನೂ ಇಲ್ಲ. ಅರ್ಥವೇ ಇಲ್ಲಿ ಏರಿಸಿ ಇಳಿಸುವ ಒಂದು ಗುಣ, ದನಿಯ ಜೋರಿನ ಹಾಗೆ.

ಇದುವರೆಗೆ ಹೇಳಿದ ಯಂತ್ರದ ಕೆಲಸದಲ್ಲಿ ಹೆಚ್ಚಿನದು ಮೊದಲೇ ತಯಾರಾದದ್ದು. ವೇದಿಕೆಯಲ್ಲಿ ಟೇಪ್ ಓಡುತ್ತದೆ, ನುಡಿಸುವವರು ಅದನ್ನು ಹಿಂಬಾಲಿಸುತ್ತಾರೆ. ಮಾತಾಡುವವರೂ ಕಣ್ಣೆದುರೇ ಇದ್ದಾಗ ಆಟ ಬದಲಾಗುತ್ತದೆ. ಅವರು ಇವತ್ತು ಬೇಗ ಮಾತಾಡಬಹುದು, ನಾಳೆ ಉಸಿರು ಎಳೆದುಕೊಳ್ಳಲು ನಿಲ್ಲಬಹುದು. ಈಗ ಯಂತ್ರವೇ ಅವರನ್ನು ಹಿಂಬಾಲಿಸಬೇಕು. ಇದಕ್ಕೆ ದಾರಿ ಮಾಡಿದ್ದು ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಮಿಲ್ಲರ್ ಪಕೆಟ್ ಬರೆದ ಮ್ಯಾಕ್ಸ್ ಎಂಬ ತಂತ್ರಾಂಶ. ಅವರೇ ಆಮೇಲೆ ಮಾಡಿದ ಪ್ಯೂರ್ ಡೇಟಾ ಉಚಿತವಾಗಿ ಸಿಗುತ್ತದೆ. ತೆರೆಯ ಮೇಲೆ ಡಬ್ಬಿಗಳನ್ನು ಗೆರೆ ಎಳೆದು ಜೋಡಿಸಿದರೆ ಆಯಿತು: ಮೈಕಿನಿಂದ ಒಂದು ಗೆರೆ, ಸ್ವರ ಗುರುತಿಸುವ ಡಬ್ಬಿಗೆ, ಅಲ್ಲಿಂದ ಸಿಂಥಸೈಜರಿಗೆ.

ಕೇಳಲು ಸುಲಭ, ಮಾಡುವಾಗ ತೊಡಕು. ಸೆಕೆಂಡಿಗೆ 100 ಕಂಪನದ ಗಂಡುದನಿ ತಗೊಳ್ಳಿ. ಒಂದು ಕಂಪನಕ್ಕೆ 10 ಮಿಲಿಸೆಕೆಂಡ್. ಸ್ವರ ಯಾವುದು ಅಂತ ಖಚಿತವಾಗಿ ಹೇಳಲು ಕಂಪ್ಯೂಟರಿಗೆ ಸಾಮಾನ್ಯವಾಗಿ ಎರಡು ಕಂಪನವಾದರೂ ಬೇಕು, ಅಂದರೆ 20 ಮಿಲಿಸೆಕೆಂಡ್. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಮಧ್ಯೆ ‘ಸ’ ಬಂದರೆ ಅದಕ್ಕೆ ಸ್ವರವೇ ಇಲ್ಲ, ಯಂತ್ರ ಗೊಂದಲಕ್ಕೆ ಬಿದ್ದು ಎಲ್ಲೆಲ್ಲೋ ಜಿಗಿಯುತ್ತದೆ. ಮಾತಿನ ಮೈಕಿಗೆ ಪಕ್ಕದ ಚೆಲ್ಲೋ ಸದ್ದೂ ನುಗ್ಗುತ್ತದೆ. ಇನ್ನೂ ಒಂದು ತೊಂದರೆ ಇದೆ. ತನ್ನದೇ ದನಿ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬಿದ್ದರೆ ಹೆಚ್ಚಿನವರಿಗೆ ನಾಲಿಗೆ ತೊಡರುತ್ತದೆ. ಅದಕ್ಕೇ ಮಾತಾಡುವವರ ಕಿವಿಗೆ ಏನು ಕಳಿಸಬೇಕು, ಏನು ಕಳಿಸಬಾರದು ಅನ್ನುವುದೇ ತಾಲೀಮಿನ ಅರ್ಧ ಕೆಲಸ. ಕೆಲವರು ಬೇಕಂತಲೇ ಆ ತಡವನ್ನು ಕೊಡುತ್ತಾರೆ, ತೊಡರುವ ನಾಲಿಗೆಯನ್ನೂ ಸಂಗೀತಕ್ಕೆ ಸೇರಿಸಿಕೊಳ್ಳುತ್ತಾರೆ.

ವೇದಿಕೆಯಲ್ಲಿ ಹೆಚ್ಚು ಕೇಳಸಿಗುವ ಇನ್ನೊಂದು ಉಪಾಯ ಗ್ರ್ಯಾನ್ಯುಲರ್ ಸಿಂಥೆಸಿಸ್. ದನಿಯನ್ನು ಒಂದರಿಂದ ನೂರು ಮಿಲಿಸೆಕೆಂಡಿನ ಕಾಳುಗಳಾಗಿ ಒಡೆಯುವುದು, ಆಮೇಲೆ ಬೇಕಾದ ಹಾಗೆ ಚೆಲ್ಲುವುದು. ‘ನಾಳೆ’ಯ ‘ಆ’ ಒಂದನ್ನೇ ಅರ್ಧ ನಿಮಿಷ ಎಳೆಯಬಹುದು, ಸ್ವರ ಇಳಿಯುವುದಿಲ್ಲ. ಆಗ ವಯಲಿನ್ ನುಡಿಸುವವರು ಆ ‘ಆ’ ಮೇಲೆ ಶ್ರುತಿಯ ಮೇಲೆ ಕೂತ ಹಾಗೆ ಕೂರಬಹುದು.

ಇಷ್ಟೆಲ್ಲ ಮಾಡಬಹುದು ಅಂದಾಗ ಒಂದು ಪ್ರಶ್ನೆ ಎದುರು ನಿಲ್ಲುತ್ತದೆ. ಅದು ಯಾರ ದನಿ? 1964ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೊಲೀಸರು ಬಂಧಿಸಿದ ಕಪ್ಪು ಹುಡುಗರಲ್ಲಿ ಡೇನಿಯಲ್ ಹ್ಯಾಮ್ ಒಬ್ಬ. ಠಾಣೆಯಲ್ಲಿ ಹೊಡೆತ ತಿಂದಿದ್ದ. ರಕ್ತ ಬರುತ್ತಿರುವವರನ್ನು ಮಾತ್ರ ಆಸ್ಪತ್ರೆಗೆ ಕಳಿಸುತ್ತಿದ್ದರು. ಹಾಗಾಗಿ ತನಗೆ ಪೆಟ್ಟಾಗಿದೆ ಎಂದು ತೋರಿಸಲು ಕಂದಿದ ಗಾಯವನ್ನು ತಾನೇ ಹಿಚುಕಿ ರಕ್ತ ಬರಿಸಬೇಕಾಯಿತು ಎಂದು ಅವನು ಹೇಳಿದ್ದು ಟೇಪಿನಲ್ಲಿತ್ತು. ಆ ಹುಡುಗರ ಮರುವಿಚಾರಣೆಗೆ ಹಣ ಕೂಡಿಸುವ ಕಾರ್ಯಕ್ರಮಕ್ಕಾಗಿ ರೈಶ್ 1966ರಲ್ಲಿ ಅದರಿಂದ ‘ಕಮ್ ಔಟ್’ ಮಾಡಿದರು. ಮೊದಲು ಪೂರ್ತಿ ವಾಕ್ಯ ಮೂರು ಸಲ ಬರುತ್ತದೆ. ಆಮೇಲೆ ಕೊನೆಯ ಐದು ಪದಗಳು ಮಾತ್ರ, ಎರಡು ಟೇಪಿನಲ್ಲಿ, ನಿಧಾನಕ್ಕೆ ಒಂದರಿಂದ ಒಂದು ಸರಿಯುತ್ತಾ. ಎರಡು ದನಿ ನಾಲ್ಕಾಗಿ, ನಾಲ್ಕು ಎಂಟಾಗಿ, ಸುಮಾರು 13 ನಿಮಿಷದಲ್ಲಿ ಪದವೆಲ್ಲ ಕರಗಿ ಬರೀ ಲಯದ ಮೊರೆತ ಉಳಿಯುತ್ತದೆ. ಒಬ್ಬನ ನೋವನ್ನು ಹೀಗೆ ಸದ್ದಾಗಿ ಅರೆಯುವುದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ನನ್ನ ಮಟ್ಟಿಗೆ ಆ ಮೊದಲ ಮೂರು ಸಲ ತುಂಬ ಮುಖ್ಯ. ಅವು ಇಲ್ಲದಿದ್ದರೆ ಅದು ಬರೀ ಜಾಣತನ ಆಗುತ್ತಿತ್ತು. ಮನುಷ್ಯನನ್ನು ಮೊದಲು ಕೇಳಿಸಿ, ಆಮೇಲೆ ಅವನ ಸದ್ದನ್ನು ಮುಟ್ಟುವ ಕೃತಿಗಳ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ಎಲ್ಲಿಂದ ಕೇಳಲು ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಅಮೆರಿಕದ ಸಂಗೀತಕಾರ ಆಲ್ವಿನ್ ಲೂಸಿಯರ್ 1969ರಲ್ಲಿ ಮಾಡಿದ ‘ಐ ಆಮ್ ಸಿಟಿಂಗ್ ಇನ್ ಎ ರೂಮ್’. ವಾದ್ಯವೇ ಇಲ್ಲ. ವಾದ್ಯದ ಕೆಲಸ ಮಾಡುವುದು ಕೋಣೆ. ಲೂಸಿಯರ್ ಒಂದು ಕೋಣೆಯಲ್ಲಿ ಕೂತು ನಾಲ್ಕು ಮಾತು ರೆಕಾರ್ಡ್ ಮಾಡುತ್ತಾರೆ. ಅದನ್ನು ಅದೇ ಕೋಣೆಯಲ್ಲಿ ಸ್ಪೀಕರಿನಿಂದ ಹಾಕಿ ಮತ್ತೆ ರೆಕಾರ್ಡ್ ಮಾಡುತ್ತಾರೆ. ಅದನ್ನು ಮತ್ತೆ. ಪ್ರತಿ ಕೋಣೆಗೂ ತನ್ನ ಅಳತೆಗೆ ತಕ್ಕ ಹಾಗೆ ಕೆಲವು ಕಂಪನಗಳು ಒಗ್ಗುತ್ತವೆ. ಗೋಡೆಗಳ ನಡುವೆ 4 ಮೀಟರ್ ಇದ್ದರೆ ಸುಮಾರು 43 ಹರ್ಟ್ಜ್, ಅದರ ಎರಡರಷ್ಟು, ಮೂರರಷ್ಟು, ಹೀಗೆ. ಒಗ್ಗಿದ್ದು ಪ್ರತಿ ಸುತ್ತಿನಲ್ಲೂ ಸ್ವಲ್ಪ ಜೋರಾಗುತ್ತದೆ, ಒಗ್ಗದ್ದು ಸೊರಗುತ್ತದೆ. ಚಕ್ರಬಡ್ಡಿಯ ಲೆಕ್ಕ ಇದು. ಒಂದು ಕಂಪನ ಪ್ರತಿ ಸುತ್ತಿಗೆ ನೂರಕ್ಕೆ ಹತ್ತರಷ್ಟು ಬೆಳೆದರೆ 32 ಸುತ್ತಿನ ಹೊತ್ತಿಗೆ 21 ಪಟ್ಟು ಆಗಿರುತ್ತದೆ. ಅವರ 32 ಸುತ್ತಿನ, ಸುಮಾರು 45 ನಿಮಿಷದ ರೆಕಾರ್ಡಿಂಗ್ ಒಂದಿದೆ. ಲೂಸಿಯರ್ ಅವರಿಗೆ ಮಾತು ಉಗ್ಗುತ್ತಿತ್ತು, ಮೊದಲ ಸುತ್ತಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಈ ಕೆಲಸ ತನ್ನ ಮಾತಿನ ಏರುಪೇರನ್ನು ನಯ ಮಾಡುವ ದಾರಿ ಎಂದು ಅವರೇ ಅಲ್ಲಿ ಹೇಳುತ್ತಾರೆ. ಐದಾರು ಸುತ್ತಿಗೆ ಪದಗಳ ಅಂಚು ಮಸುಕಾಗುತ್ತದೆ. ಕೊನೆಕೊನೆಗೆ ಗಂಟೆಯ ನಾದದಂಥ ಸ್ವರಗಳು ತೇಲುತ್ತಿರುತ್ತವೆ, ಅವರ ಮಾತಿನ ಲಯ ಮಾತ್ರ ಅದರೊಳಗೆ ಮೆಲ್ಲಗೆ ಮಿಡಿಯುತ್ತಿರುತ್ತದೆ.

ಇದನ್ನು ಹೆಡ್‌ಫೋನಿನಲ್ಲಿ ಕೇಳಬೇಡಿ. ಬಾಗಿಲು ಮುಚ್ಚಿ, ಒಂದು ಸ್ಪೀಕರಿನಲ್ಲಿ ಹಾಕಿ, ಕೋಣೆಯೊಳಗೆ ನಿಧಾನವಾಗಿ ಓಡಾಡಿ. ಒಂದು ಮೂಲೆಯಲ್ಲಿ ಒಂದು ಸ್ವರ ಉಕ್ಕುತ್ತದೆ, ಎರಡು ಹೆಜ್ಜೆ ಆಚೆ ಹೋದರೆ ಅದು ಮಾಯ. ಅದು ನಿಮ್ಮ ಕೋಣೆ ಸೇರಿಸುತ್ತಿರುವ ಮೂವತ್ತಮೂರನೇ ಸುತ್ತು.